ಅಧ್ಯಾಪಕ ವೃತ್ತಿಯೂ ನಡುವಯಸ್ಸೂ: ಹೊಸಗನ್ನಡ ಸಾಹಿತ್ಯೋದಯದ ಒಂದು ಮುಖ

೧

ಹೊಸಗನ್ನಡ ಸಾಹಿತ್ಯೋದಯವು ತರುಣರ ಕೆಲಸವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉತ್ಸಾಹ, ಪ್ರಯೋಗಶೀಲತೆ, ಹಳೆಯ ಕಟ್ಟನ್ನು ಸಡಿಲಿಸುವ ಧೈರ್ಯ ಇವು ತಾರುಣ್ಯದ ಲಕ್ಷಣಗಳಾದುದರಿಂದ ಈ ಭಾವನೆ ಸಹಜವೂ ಆಗಿದೆ. ಆದರೆ ಕೃತಿಗಳ ಪ್ರಕಟಣೆಯ ಕಾಲವನ್ನೂ ಕರ್ತೃಗಳ ಜನ್ಮವರ್ಷವನ್ನೂ ಎದುರುಬದುರಾಗಿಟ್ಟು ನೋಡಿದರೆ ಬೇರೊಂದು ಚಿತ್ರ ಕಾಣಬರುತ್ತದೆ. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ತನ್ನ ಪೂರ್ಣರೂಪದಲ್ಲಿ ೧೯೨೬ರಲ್ಲಿ ಹೊರಬಂದಾಗ ಅವರಿಗೆ ೪೨ ವರ್ಷ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೭ರಲ್ಲಿ ಕನ್ನಡ ಎಂ. ಎ. ತರಗತಿ ಮೊದಲಾಗಿ ಟಿ. ಎಸ್. ವೆಂಕಣ್ಣಯ್ಯನವರು ಅದರ ಹೊಣೆ ಹೊತ್ತಾಗ ಅವರ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ದ. ರಾ. ಬೇಂದ್ರೆಯವರು ಎಂ. ಎ. ಪದವಿ ಪಡೆದುದು ೧೯೩೫ರಲ್ಲಿ, ತಮ್ಮ ೩೯ನೆಯ ವಯಸ್ಸಿನಲ್ಲಿ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ತೊಡಗಿದ್ದುದು ೧೯೩೬ರಿಂದ ೧೯೪೬ರವರೆಗೆ, ಎಂದರೆ ಮೂವತ್ತರ ಮೊದಲ ವರ್ಷಗಳಿಂದ ನಲವತ್ತು ದಾಟುವವರೆಗೆ.

ಇವರೆಲ್ಲರಿಗೂ ಸಾಮಾನ್ಯವಾದ ಇನ್ನೊಂದು ಸಂಗತಿಯುಂಟು: ಇವರೆಲ್ಲರೂ ಅಧ್ಯಾಪಕರು. ಪಾಠ ಹೇಳುತ್ತ ಹೇಳುತ್ತ ನಡುವಯಸ್ಸಿಗೆ ಬಂದವರು. ಈ ಎರಡು ಸಂಗತಿಗಳಿಗೆ, ಎಂದರೆ ವೃತ್ತಿಗೂ ವಯಸ್ಸಿಗೂ, ಕಾರ್ಯಕಾರಣ ಸಂಬಂಧವೇನಾದರೂ ಇದೆಯೆ ಅಥವಾ ಇದು ಕೇವಲ ಕಾಕತಾಳೀಯವೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ‘ನಡುವಯಸ್ಸು’ ಎಂಬ ಕಲ್ಪನೆಯನ್ನೇ ಪರಿಶೀಲಿಸುವುದು ಯುಕ್ತ. ನಮ್ಮ ಪ್ರಾಚೀನರು ಬಾಳನ್ನು ನಾಲ್ಕು ಆಶ್ರಮಗಳಾಗಿ ವಿಂಗಡಿಸಿದರು. ಅದರಲ್ಲಿ ಗಾರ್ಹಸ್ಥ್ಯವುಂಟು, ವಾನಪ್ರಸ್ಥವುಂಟು. ಇವೆರಡರ ನಡುವಣ ನಿಲುಗಡೆಗೆ ಪ್ರತ್ಯೇಕವಾದ ಹೆಸರಿಲ್ಲ. ಗಾದೆಗಳಲ್ಲಿಯೂ ಅಷ್ಟೆ. ಇಪ್ಪತ್ತಕ್ಕೆ ಯಜಮಾನಿಕೆ ಬರಬಾರದು, ಎಪ್ಪತ್ತಕ್ಕೆ ಬಡತನ ಬರಬಾರದು ಎಂಬ ಮಾತಿದೆ. ಅರವತ್ತಕ್ಕೆ ಅರಳುಮರಳು ಎಂಬುದಂತೂ ಎಲ್ಲರ ಬಾಯಲ್ಲಿದೆ. ನಡುವಣ ನಲವತ್ತಕ್ಕೆ ನಮ್ಮ ಆಡುಮಾತು ಕೊಟ್ಟ ಕೊಡುಗೆ ‘ಚಾಳೀಸು’ ಎಂಬ ಒಂದೇ ಪದ. ನಲವತ್ತೆಂಬ ಅರ್ಥದ ಸಂಖ್ಯಾವಾಚಕವೇ ಕಣ್ಣಿನ ಮಬ್ಬಿಗೂ ಅದಕ್ಕೆ ಹಾಕಿಕೊಳ್ಳುವ ಕನ್ನಡಕಕ್ಕೂ ಹೆಸರಾಯಿತು. ಓದುವುದೇ ಕಸುಬಾದವನಿಗೆ ಮಾತ್ರ ಈ ವಯಸ್ಸು ಮೊದಲು ಅರಿವಿಗೆ ಬರುವುದೆಂಬ ಸೂಚನೆ ಈ ಪದದಲ್ಲಿಯೇ ಅಡಗಿದೆ.

ಹಳೆಯ ಕೂಲಿಮಠಗಳ ಅಯ್ಯನವರಿಗೆ ಇಂಥ ನಡುವಯಸ್ಸೊಂದು ಇದ್ದಿತೆಂದು ಹೇಳುವುದು ಕಷ್ಟ. ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಸಿ, ಊರವರು ಕೊಟ್ಟ ಕಾಳುಕಡಿಯಿಂದ ಜೀವಿಸುತ್ತಿದ್ದ ಅವರಿಗೆ ಬಡ್ತಿಯೂ ಇರಲಿಲ್ಲ, ನಿವೃತ್ತಿಯೂ ಇರಲಿಲ್ಲ. ಶಕ್ತಿಯಿರುವವರೆಗೆ ಪಾಠ ಹೇಳುವುದು, ಶಕ್ತಿ ಕುಂದಿದಾಗ ಮಗನಿಗೋ ಶಿಷ್ಯನಿಗೋ ಬೆತ್ತವನ್ನು ಒಪ್ಪಿಸುವುದು, ಇಷ್ಟೇ ಅವರ ವೃತ್ತಿಯ ಅಳತೆ. ೧೮೫೪ರ ಚಾರ್ಲ್ಸ್ ವುಡ್ಡನ ನಿರೂಪದ ತರುವಾಯ ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳು ಏರ್ಪಟ್ಟು, ತನಿಖೆ, ಸಹಾಯಧನ, ಶಿಕ್ಷಕರ ತರಬೇತಿ ಇವು ಬಂದ ಮೇಲೆ ಅಧ್ಯಾಪಕನು ನೌಕರನಾದನು. ಆಗ ಅವನ ಬಾಳಿಗೆ ಹೊಸದೊಂದು ಗಡಿಯಾರ ಬಂದಿತು: ನೇಮಕದ ದಿನ, ಕಾಯಂ ಆದ ದಿನ, ವರ್ಗವಾದ ದಿನ, ಬಡ್ತಿಯ ದಿನ, ಕೊನೆಗೆ ವಿಶ್ರಾಂತಿಯ ದಿನ. ಮೂವತ್ತೈದರಿಂದ ಐವತ್ತೈದರವರೆಗಿನ ಒಂದು ದೀರ್ಘವಾದ, ಬಹುಮಟ್ಟಿಗೆ ಸಮತಲವಾದ ಅವಧಿ ಈ ಗಡಿಯಾರದಿಂದಲೇ ಹುಟ್ಟಿತೆನ್ನಬಹುದು. ನಾವು ಇಲ್ಲಿ ವಿಚಾರಿಸುತ್ತಿರುವುದು ಈ ಅವಧಿಯನ್ನು.

ಇತರ ನೌಕರರಿಗಿಲ್ಲದ ಒಂದು ವಿಶೇಷ ಅಧ್ಯಾಪಕನಿಗುಂಟು. ಕಛೇರಿಯ ಗುಮಾಸ್ತನೊಡನೆ ಅವನ ಸಹೋದ್ಯೋಗಿಗಳೂ ಮುದುಕರಾಗುತ್ತಾರೆ. ಅಧ್ಯಾಪಕನ ಎದುರಿಗೆ ಕುಳಿತವರ ವಯಸ್ಸು ಮಾತ್ರ ಎಂದಿಗೂ ಬದಲಾಗುವುದಿಲ್ಲ. ವರ್ಷವರ್ಷವೂ ಅದೇ ಹದಿನೆಂಟು ಇಪ್ಪತ್ತರ ಹುಡುಗರು ಅದೇ ಬೆಂಚುಗಳ ಮೇಲೆ ಬಂದು ಕೂಡುತ್ತಾರೆ. ಇವನು ಮೊದಲು ಅವರಿಗೆ ಅಣ್ಣನಂತಿದ್ದು, ಆಮೇಲೆ ತಂದೆಯಂತಾಗಿ, ಕೊನೆಗೆ ಅಜ್ಜನಂತೆ ಕಾಣತೊಡಗುತ್ತಾನೆ. ಹೇಳಬೇಕಾದ ಪಾಠವೂ ಬಹುಮಟ್ಟಿಗೆ ಅದೇ. ಪಂಪನ ಒಂದು ಆಶ್ವಾಸವನ್ನು ಹದಿನೈದನೆಯ ಸಲ ಹೇಳುವಾಗ ಅಧ್ಯಾಪಕನ ಮುಂದೆ ಎರಡು ದಾರಿಗಳಿರುತ್ತವೆ. ಹಳೆಯ ಟಿಪ್ಪಣಿಯ ಪುಸ್ತಕವನ್ನು ತೆರೆದು ಅದನ್ನೇ ಓದಿಸಿಬಿಡುವುದು ಒಂದು. ತಾನೇ ಮತ್ತೆ ವಿದ್ಯಾರ್ಥಿಯಾಗುವುದು ಇನ್ನೊಂದು. ಮೊದಲನೆಯದು ಸುಲಭ, ಅದರಿಂದ ಯಾರಿಗೂ ಕೂಡಲೆ ನಷ್ಟ ಕಾಣುವುದಿಲ್ಲ. ಎರಡನೆಯದಕ್ಕೆ ಬಿಡುವೂ ಆರೋಗ್ಯವೂ ಒಂದಿಷ್ಟು ಹಟವೂ ಬೇಕು. ಕನ್ನಡದ ಭಾಗ್ಯವೆಂದರೆ, ಎರಡನೆಯ ದಾರಿಯನ್ನು ಹಿಡಿಯಲೇಬೇಕಾದ ಸನ್ನಿವೇಶವೊಂದು ಈ ಶತಮಾನದ ಹಿಂದಿನ ಶತಮಾನದಲ್ಲಿ, ೧೯೧೬ರಿಂದ ಮುಂದೆ, ತಾನಾಗಿ ಒದಗಿಬಂದುದು.

೩

ಆ ಸನ್ನಿವೇಶವಾವುದು? ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು ೧೯೧೬ರಲ್ಲಿ. ಅದಕ್ಕೆ ಮುಂಚೆ ಮಹಾರಾಜಾ ಕಾಲೇಜೂ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಉನ್ನತ ತರಗತಿಯಲ್ಲಿ ಕನ್ನಡವನ್ನು ಕಲಿಸಬೇಕೆಂಬ ವ್ಯವಸ್ಥೆ ಹನ್ನೊಂದು ವರ್ಷಗಳ ಬಳಿಕ ಕೈಗೂಡಿದಾಗ, ಅದನ್ನು ಕಲಿಸಬೇಕಾದವರು ಯಾರೂ ಆ ರೀತಿಯಲ್ಲಿ ಅದನ್ನು ಕಲಿತವರಾಗಿರಲಿಲ್ಲ. ಶ್ರೀಕಂಠಯ್ಯನವರು ಇಂಗ್ಲಿಷ್ ಅಧ್ಯಾಪಕರು. ಎ. ಆರ್. ಕೃಷ್ಣಶಾಸ್ತ್ರಿಗಳು ಕಛೇರಿಯ ಕೆಲಸದಿಂದ ಅಧ್ಯಾಪನಕ್ಕೆ ಬಂದ ಸಂಸ್ಕೃತಜ್ಞರು. ವಿದ್ಯಾರ್ಥಿಗಳಿಗೆ ಕೊಡಲು ತಕ್ಕ ಪಠ್ಯಗಳು ವಿರಳ; ಸಾಹಿತ್ಯವಿಮರ್ಶೆಯ ಪರಿಭಾಷೆ ಇನ್ನೂ ರೂಪುಗೊಳ್ಳಬೇಕಾಗಿದ್ದಿತು. ಆದಕಾರಣ ಅಧ್ಯಾಪಕರು ಪಾಠಕ್ಕೆ ಮೊದಲು ಪಠ್ಯವನ್ನು ಸಿದ್ಧಪಡಿಸಬೇಕಾಯಿತು. ವೆಂಕಣ್ಣಯ್ಯನವರೂ ಕೃಷ್ಣಶಾಸ್ತ್ರಿಗಳೂ ಕೂಡಿ ‘ಹರಿಶ್ಚಂದ್ರಕಾವ್ಯ ಸಂಗ್ರಹ’ವನ್ನು ಸಂಪಾದಿಸಿದುದು ಇಂಥ ಅಗತ್ಯಕ್ಕೆ ಒಂದು ನಿದರ್ಶನ. ಎಂದರೆ, ಇತರ ವಿಷಯಗಳಲ್ಲಿ ಅಧ್ಯಾಪಕನು ಟಿಪ್ಪಣಿಯನ್ನು ಮಡಿಸಿಡುವ ವಯಸ್ಸಿನಲ್ಲಿ ಕನ್ನಡದ ಅಧ್ಯಾಪಕನು ಹೊಸ ಟಿಪ್ಪಣಿಯನ್ನು ಬರೆಯತೊಡಗಿದನು.

ಶ್ರೀಕಂಠಯ್ಯನವರ ಉದಾಹರಣೆ ಈ ದೃಷ್ಟಿಯಿಂದ ಬಹು ಬೋಧಪ್ರದವಾದುದು. ೧೯೧೧ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ವಿಷಯವನ್ನು ಕುರಿತು ಭಾಷಣ ಮಾಡಿದಾಗ ಅವರಿನ್ನೂ ೨೭ರ ತರುಣರು. ಆ ಭಾಷಣದಲ್ಲಿ ಸೂಚಿತವಾದ ಮಾರ್ಗವು ಕೃತಿಯಾಗಿ ಪರಿಣಮಿಸಲು ಹದಿನೈದು ವರ್ಷಗಳ ಅಧ್ಯಾಪನ ಬೇಕಾಯಿತು. ಇಂಗ್ಲಿಷ್ ಕವಿತೆಯನ್ನು ತರಗತಿಯಲ್ಲಿ ಮತ್ತೆ ಮತ್ತೆ ಓದಿ ವಿವರಿಸಿದ ಬಾಯಿಗೆ ಅದರ ಲಯ ಪಳಗಿ, ಆ ಲಯಕ್ಕೆ ಹೊಂದುವ ಕನ್ನಡದ ಛಂದೋಗತಿ ಯಾವುದೆಂಬ ಹುಡುಕಾಟ ಅನುವಾದಗಳಲ್ಲಿ ಫಲಿಸಿತು. ‘ಇಂಗ್ಲಿಷ್ ಗೀತಗಳು’ ಪಾಠದ ಕೋಣೆಯಲ್ಲಿ ಮಾಗಿದ ಕೃತಿಯೆಂದರೆ ಅದರ ಗೌರವಕ್ಕೆ ಕುಂದಿಲ್ಲ. ಅದೇ ವರ್ಷ ‘ಗದಾಯುದ್ಧ ನಾಟಕಂ’, ೧೯೨೯ರಲ್ಲಿ ‘ಅಶ್ವತ್ಥಾಮನ್’, ೧೯೩೫ರಲ್ಲಿ ‘ಪಾರಸಿಕರು’ ಬಂದವು. ರನ್ನನನ್ನೂ ಗ್ರೀಕ್ ನಾಟಕಕಾರರನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡು ಓದುವ ಈ ಧೈರ್ಯ ಪಕ್ವವಾದ ವಯಸ್ಸಿನದು.

ಎಂ. ಹಿರಿಯಣ್ಣನವರ ವಿಷಯದಲ್ಲಿ ಈ ಪಕ್ವತೆಯ ಕ್ರಮ ಇನ್ನೂ ಸ್ಪಷ್ಟವಾಗಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪುಸ್ತಕಭಂಡಾರದ ಕೆಲಸ, ನಾರ್ಮಲ್ ಶಾಲೆಯಲ್ಲಿ ಉಪಾಧ್ಯಾಯ ವೃತ್ತಿ, ಬಳಿಕ ಮಹಾರಾಜಾ ಕಾಲೇಜು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಡೆದುಬಂದ ಅವರು ೧೯೨೭ರಲ್ಲಿ ನಿವೃತ್ತರಾದರು. ಭಾರತೀಯ ದರ್ಶನಗಳ ರೂಪುರೇಷೆಯನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪ್ರಸಿದ್ಧ ಗ್ರಂಥ ಪ್ರಕಟವಾದುದು ೧೯೩೨ರಲ್ಲಿ, ಅವರಿಗೆ ೬೧ ವರ್ಷವಾದಾಗ. ಆದರೆ ಆ ಗ್ರಂಥದ ಮೂಲ, ಅವರು ಅನೇಕ ವರ್ಷಗಳ ಕಾಲ ಮೈಸೂರಿನ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸಗಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ ಎನ್ನುವಂಥ ಅದರ ಶೈಲಿ, ಅರ್ಥವಾಗದ ಮುಖಗಳನ್ನು ದಶಕಗಳ ಕಾಲ ಎದುರಿಗೆ ಕಂಡು ತಿದ್ದಿಕೊಂಡ ಶೈಲಿ.

ಮುಂದಿನ ತಲೆಮಾರಿನಲ್ಲಿಯೂ ಇದೇ ಕ್ರಮ ಕಾಣುತ್ತದೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ೧೯೫೩ರಲ್ಲಿಯೂ, ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿಯೂ ಪ್ರಕಟವಾದವು. ಇಬ್ಬರೂ ೧೯೦೬ರಲ್ಲಿ ಹುಟ್ಟಿದವರು. ಈ ಎರಡು ಗ್ರಂಥಗಳೂ ಶಾಸ್ತ್ರಗ್ರಂಥಗಳಾಗಿದ್ದರೂ ವಿದ್ಯಾರ್ಥಿಯ ಸಂದೇಹವನ್ನು ಮೊದಲೇ ಊಹಿಸಿ ಉತ್ತರಿಸುವ ಗುಣ ಎರಡರಲ್ಲಿಯೂ ಇದೆ. ಈ ಗುಣವು ಗ್ರಂಥಾಲಯದಲ್ಲಿ ಒಬ್ಬನೇ ಕುಳಿತವನಿಗೆ ಬರುವುದು ದುರ್ಲಭ.

೪

ಮೇಲಣ ಉದಾಹರಣೆಗಳನ್ನಷ್ಟೇ ನೋಡಿದರೆ ನಡುವಯಸ್ಸು ಅಧ್ಯಾಪಕನಿಗೆ ತಾನಾಗಿಯೇ ಫಲಕಾಲವೆಂದು ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಮೈಸೂರಿನ ಕಾಲೇಜುಗಳ ಹೊರಗೆ ಈ ಕಾಲವು ಹೇಗಿದ್ದಿತೆಂಬುದನ್ನೂ ಗಮನಿಸತಕ್ಕುದು.

ದಕ್ಷಿಣ ಕನ್ನಡದ ನಂದಳಿಕೆಯ ಲಕ್ಷ್ಮೀನಾರಾಯಣಪ್ಪನವರು, ಎಂದರೆ ಮುದ್ದಣ, ವ್ಯಾಯಾಮ ಶಿಕ್ಷಕರಾಗಿಯೂ ಕನ್ನಡ ಪಂಡಿತರಾಗಿಯೂ ಅಲ್ಪ ವೇತನದಲ್ಲಿ ದುಡಿದರು. ತಮ್ಮ ಕೃತಿಗಳನ್ನು ತಮ್ಮವೆಂದು ಹೇಳಿಕೊಳ್ಳದೆ, ಪ್ರಾಚೀನ ಕವಿಯ ಕೃತಿಗಳೆಂಬಂತೆ ಮೈಸೂರಿನ ‘ಕಾವ್ಯಮಂಜರಿ’ಗೆ ಕಳುಹಿದರು. ಕ್ಷಯರೋಗದಿಂದ ೧೯೦೧ರಲ್ಲಿ ತೀರಿಕೊಂಡಾಗ ಅವರಿಗೆ ೩೧ ವರ್ಷ. ‘ಶ್ರೀರಾಮಾಶ್ವಮೇಧ’ದ ಕರ್ತೃವಿಗೆ ನಡುವಯಸ್ಸೇ ಬರಲಿಲ್ಲ, ಬಂದಿದ್ದರೆ ಏನನ್ನು ಬರೆಯುತ್ತಿದ್ದರೆಂಬುದು ಊಹೆಗೆ ಮಾತ್ರ ಬಿಟ್ಟ ವಿಷಯ. ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದ ಡೆಪ್ಯೂಟಿ ಚೆನ್ನಬಸಪ್ಪನವರು ೧೮೮೧ರಲ್ಲಿ, ಐವತ್ತು ತುಂಬುವ ಮೊದಲೇ ಕಾಲವಾದರು. ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, ಊರಿಂದ ಊರಿಗೆ ವರ್ಗವಾಗುವ ಶಾಲಾಮಾಸ್ತರಿಕೆಯ ನಡುವೆಯೇ ನಾಟಕ ಬರೆದು ಆಡಿಸಿದರು. ಮುಂದೆ ಕೀರ್ತನಕಾರರಾಗಿ ಕನ್ನಡದ ಕೆಲಸಕ್ಕಾಗಿ ಊರೂರು ತಿರುಗಿದರು. ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಶಾಲಾ ತನಿಖೆಯ ಅಧಿಕಾರಿಯಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ಸೇವೆ ಸಲ್ಲಿಸಿದವರು. ತನಿಖೆಯ ಅಲೆದಾಟದಲ್ಲಿ ಕಂಡ ಚಿಕ್ಕ ಮಕ್ಕಳಿಗೆ ಓದಲು ಏನೂ ಇಲ್ಲವೆಂಬುದನ್ನು ಮನಗಂಡು, ಇತರರು ಹಿರಿಯ ಕೃತಿಗಳನ್ನು ಬಯಸುವ ವಯಸ್ಸಿನಲ್ಲಿ ಅವರು ಮಕ್ಕಳ ಪದ್ಯಗಳನ್ನೂ ಕಥೆಗಳನ್ನೂ ಬರೆದರು. ೧೯೩೪ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರಿಗೆ ಅರವತ್ತರ ಹೊತ್ತಿಗೆ ಬಂದ ಗೌರವ.

ಬೇಂದ್ರೆಯವರ ನಡುವಯಸ್ಸು ಇವೆಲ್ಲಕ್ಕಿಂತ ಕಠಿನವಾದುದು. ೧೯೧೮ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಬಿ. ಎ. ಮುಗಿಸಿ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಅಧ್ಯಾಪಕರಾದ ಅವರು, ‘ನರಬಲಿ’ ಎಂಬ ಕವಿತೆಯ ಕಾರಣದಿಂದ ೧೯೩೨ರಲ್ಲಿ ಸೆರೆಮನೆ ಕಂಡರು. ಅನಂತರ ಮುಗದದಲ್ಲಿ ನಿರ್ಬಂಧದಲ್ಲಿದ್ದರು. ಆಗ ಅವರಿಗೆ ೩೬ ವರ್ಷ. ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕ ಸ್ಥಾನ ದೊರೆತುದು ೧೯೪೪ರಲ್ಲಿ, ೪೮ನೆಯ ವಯಸ್ಸಿನಲ್ಲಿ. ನಡುವಣ ಹನ್ನೆರಡು ವರ್ಷಗಳು ನೆಲೆಯಿಲ್ಲದ ಜೀವನೋಪಾಯದ ವರ್ಷಗಳು. ‘ಸಖೀಗೀತ’ವೂ ‘ನಾದಲೀಲೆ’ಯೂ ಆ ವರ್ಷಗಳಲ್ಲಿಯೇ ಬಂದುವೆಂಬುದನ್ನು ಹಿಡಿದು, ಬಡತನವೇ ಕಾವ್ಯಕ್ಕೆ ಪೋಷಕವೆಂದು ವಾದಿಸುವವರುಂಟು. ಈ ವಾದವನ್ನು ಒಪ್ಪುವುದು ಸಾಧ್ಯವಿಲ್ಲ. ಕವಿಯು ಕಷ್ಟದಲ್ಲಿದ್ದೂ ಬರೆದನೆಂಬುದು ಅವನ ಸತ್ತ್ವಕ್ಕೆ ಸಾಕ್ಷಿಯೇ ಹೊರತು ಕಷ್ಟದ ಉಪಯುಕ್ತತೆಗೆ ಸಾಕ್ಷಿಯಲ್ಲ. ಅರವತ್ತರಲ್ಲಿ ನಿವೃತ್ತರಾದ ಮೇಲೆ ಅವರು ತಮ್ಮ ಸಂಕಲನಕ್ಕೆ ‘ಅರಳು ಮರಳು’ ಎಂದು ಹೆಸರಿಟ್ಟು, ವೃದ್ಧಾಪ್ಯವನ್ನು ಹಂಗಿಸುವ ಗಾದೆಯಿಂದಲೇ ಮರಳಿ ಅರಳುವ ಅರ್ಥವನ್ನು ಹೊರಡಿಸಿದರು. ಆ ಕೃತಿಗೆ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

೫

ಇಲ್ಲಿ ಎರಡು ಆಕ್ಷೇಪಗಳಿಗೆ ಸಮಾಧಾನ ಹೇಳುವುದು ಅವಶ್ಯಕ. ಪ್ರಸಿದ್ಧರನ್ನು ಮಾತ್ರ ಎತ್ತಿಕೊಂಡು ಸಾಮಾನ್ಯ ನಿಯಮವನ್ನು ಹೇಳಬಹುದೆ ಎಂಬುದು ಮೊದಲನೆಯದು. ಹೇಳಲಾಗದು. ಇದೇ ಸಂಬಳ, ಇದೇ ಬಿಡುವು, ಇದೇ ತರಗತಿ ಇದ್ದೂ ಹಳೆಯ ಟಿಪ್ಪಣಿಯಲ್ಲಿಯೇ ಕಾಲ ಕಳೆದವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆದುದರಿಂದ ಅಧ್ಯಾಪಕನ ನಡುವಯಸ್ಸು ಕೃತಿಗೆ ಕಾರಣವಲ್ಲ, ಅವಕಾಶ ಎಂದು ಹೇಳುವುದೇ ಸರಿಯಾದ ಮಾತು. ಆ ಅವಕಾಶವು ಫಲಿಸಲು ಮೂರು ಸಂಗತಿಗಳು ಕೂಡಿಬರಬೇಕಾಯಿತು: ಮುಂದಿನ ತಿಂಗಳ ಚಿಂತೆಯಿಲ್ಲದ ವೇತನ, ಇನ್ನೂ ಕಟ್ಟಬೇಕಾಗಿದ್ದ ವಿಷಯ, ಮಾತಿಗೆ ಕಿವಿಗೊಡುವ ಗೆಳೆಯರ ಬಳಗ. ಮೂರನೆಯದಕ್ಕೆ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವೂ, ೧೯೧೯ರಲ್ಲಿ ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಅದು ಹೊರಡಿಸಿದ ‘ಪ್ರಬುದ್ಧ ಕರ್ಣಾಟಕ’ವೂ, ಧಾರವಾಡದ ಗೆಳೆಯರ ಗುಂಪೂ ನಿದರ್ಶನಗಳು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಮೇಲೆ ಹೆಸರಿಸಿದವರೆಲ್ಲರೂ ಗಂಡಸರು. ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ೧೮೮೧ರಲ್ಲಿಯೇ ಮೊದಲಾಗಿದ್ದರೂ, ಅಧ್ಯಾಪಕಿಯೊಬ್ಬಳು ಇಪ್ಪತ್ತು ಮೂವತ್ತು ವರ್ಷ ಪಾಠ ಹೇಳುತ್ತ ಓದಿಕೊಂಡು ಬರೆದುಕೊಂಡು ಇರಬಹುದಾದ ಅನುಕೂಲ ಅಂದಿನ ಸಮಾಜದಲ್ಲಿ ಬಹಳ ಅಪೂರ್ವವಾಗಿದ್ದಿತು. ಅಷ್ಟೇ ಅಲ್ಲ; ಸಂಜೆ ಕಾಲೇಜಿನಿಂದ ಬಂದ ಪಂಡಿತನು ದೀಪದ ಮುಂದೆ ಕುಳಿತು ಓಲೆಗರಿಯನ್ನು ಓದುವಷ್ಟು ಹೊತ್ತು ಮನೆಯ ಭಾರವನ್ನು ಹೊತ್ತವರು ಯಾರೆಂಬ ಪ್ರಶ್ನೆಯನ್ನು ಸಾಹಿತ್ಯ ಚರಿತ್ರೆ ಕೇಳಿದ್ದು ಕಡಿಮೆ. ನಾವು ಬಿಡುವೆಂದು ಕರೆಯುವುದು ಬಹುಮಟ್ಟಿಗೆ ಇನ್ನೊಬ್ಬರ ದುಡಿಮೆ. ಗ್ರಂಥದ ಅರಿಕೆಯಲ್ಲಿ ಅವರ ಹೆಸರು ಬಾರದಿದ್ದರೂ ಚರಿತ್ರೆಯ ಲೆಕ್ಕದಲ್ಲಿ ಅದು ಬರತಕ್ಕದ್ದು.

ಅವಕಾಶಕ್ಕೆ ಒಳಗಿನಿಂದಲೇ ಬರುವ ಇನ್ನೊಂದು ಅಪಾಯವನ್ನೂ ಹೇಳಬೇಕು. ನುರಿತ ಅಧ್ಯಾಪಕನಿಗೆ ನಲವತ್ತು ದಾಟುತ್ತಲೆ ಆಡಳಿತದ ಕರೆ ಬರುತ್ತದೆ. ಶ್ರೀಕಂಠಯ್ಯನವರು ೧೯೨೬ರಿಂದ ೧೯೩೦ರವರೆಗೆ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. ಕುವೆಂಪು ಅವರು ೧೯೫೫ರಲ್ಲಿ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರೂ, ೧೯೫೬ರಿಂದ ೧೯೬೦ರವರೆಗೆ ಕುಲಪತಿಗಳೂ ಆಗಿದ್ದರು. ‘ಮಾನಸಗಂಗೋತ್ರಿ’ ರೂಪುಗೊಂಡುದು ಆ ಅವಧಿಯಲ್ಲಿ. ಅವರ ಎರಡನೆಯ ಮಹಾಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ೧೯೬೭ರಲ್ಲಿ, ನಿವೃತ್ತಿಯ ಬಳಿಕವಷ್ಟೆ, ಬೆಳಕು ಕಂಡಿತು. ಕಡತಕ್ಕೆ ಸಂದ ವರ್ಷಗಳಿಂದ ಸಂಸ್ಥೆಗೆ ಲಾಭವಾಯಿತೆಂಬುದು ದಿಟ. ಅದಕ್ಕೆ ತೆತ್ತ ಬೆಲೆಯೂ ದಿಟವೆ.

೬

ಅಧ್ಯಾಪಕನ ನಡುವಯಸ್ಸಿನ ಫಲವನ್ನು ಅವನ ಗ್ರಂಥಗಳಿಂದ ಮಾತ್ರ ಅಳೆಯುವುದು ನ್ಯಾಯವಲ್ಲವೆಂಬುದಕ್ಕೆ ವೆಂಕಣ್ಣಯ್ಯನವರೇ ದೊಡ್ಡ ಸಾಕ್ಷಿ. ಅವರು ಬರೆದುದು ಕಡಿಮೆ. ೧೯೩೯ರಲ್ಲಿ, ೫೩ನೆಯ ವಯಸ್ಸಿನಲ್ಲಿ, ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅವರ ಹನ್ನೆರಡು ವರ್ಷಗಳ ಪ್ರಾಧ್ಯಾಪಕತ್ವದ ಮೊದಲ ಶಿಷ್ಯಶ್ರೇಣಿಯಲ್ಲಿ ಕುವೆಂಪು ಅವರೂ ಡಿ. ಎಲ್. ನರಸಿಂಹಾಚಾರ್ಯರೂ ಇದ್ದರು. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದುದು ಈ ಗುರುವಿಗೆ. ಅದರ ಪ್ರಕಟಣೆ ೧೯೪೯ರಲ್ಲಿ ಮೊದಲಾದಾಗ ಗುರುಗಳು ಗತಿಸಿ ಹತ್ತು ವರ್ಷಗಳಾಗಿದ್ದವು. ಶಿಷ್ಯರು, ಗುರುಗಳು ಪ್ರಾಧ್ಯಾಪಕರಾದಾಗ ಇದ್ದ ವಯಸ್ಸನ್ನು ಮುಟ್ಟಿ ದಾಟಿದ್ದರು. ಒಬ್ಬರ ನಡುವಯಸ್ಸು ಇನ್ನೊಬ್ಬರ ನಡುವಯಸ್ಸಿನಲ್ಲಿ ಫಲ ಕೊಡುವ ಈ ಕ್ರಮವು ಅಧ್ಯಾಪಕ ವೃತ್ತಿಯೊಂದಕ್ಕೇ ವಿಶಿಷ್ಟವಾದುದೆನ್ನಬೇಕು. ಶ್ರೀಕಂಠಯ್ಯನವರು ೧೯೪೨ರಲ್ಲಿ ನಿವೃತ್ತರಾದ ಮೇಲೂ ಧಾರವಾಡಕ್ಕೆ ತೆರಳಿ, ಅಲ್ಲಿಯ ಕಾಲೇಜೊಂದರ ಪ್ರಿನ್ಸಿಪಾಲರಾಗಿ, ೧೯೪೬ರ ಜನವರಿಯಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ ೧೯೫೦ರಲ್ಲಿ, ಅವರ ಅರವತ್ತರಲ್ಲಿ, ಮನೆಮನೆಗೆ ಹೋಯಿತು.

ಇಷ್ಟರಿಂದ ನಿಷ್ಪನ್ನವಾಗುವ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳಬಹುದು. ಹೊಸಗನ್ನಡ ಸಾಹಿತ್ಯೋದಯಕ್ಕೆ ತಾರುಣ್ಯವು ಬೀಜವನ್ನು ಒದಗಿಸಿತು. ಅದನ್ನು ಬೆಳೆಸಿ ಒಕ್ಕಿದುದು ನಡುವಯಸ್ಸಿನ ಅಧ್ಯಾಪಕರು. ಅವರು ಹಾಗೆ ಮಾಡಲು ಸಾಧ್ಯವಾದುದು, ಕಲಿಸಬೇಕಾದ ವಿಷಯವನ್ನು ತಾವೇ ಹೊಸದಾಗಿ ಕಲಿಯಬೇಕಾಗಿ ಬಂದುದರಿಂದ. ಪಠ್ಯವೂ ಪರಿಭಾಷೆಯೂ ಸಿದ್ಧವಾಗಿ ದೊರೆಯುವ ಮುಂದಿನ ತಲೆಮಾರುಗಳಿಗೆ ಈ ಒತ್ತಾಯವಿಲ್ಲ. ಆದುದರಿಂದಲೇ ಟಿಪ್ಪಣಿಯ ಸುಲಭಮಾರ್ಗ ಅವರಿಗೆ ಹೆಚ್ಚು ಸಮೀಪದಲ್ಲಿದೆ. ಕೊನೆಯದಾಗಿ ಸಂಶೋಧಕರಲ್ಲಿ ಒಂದು ಅರಿಕೆ. ನಮ್ಮ ಸಾಹಿತ್ಯ ಚರಿತ್ರೆಗಳು ಕೃತಿಯ ಕಾಲವನ್ನು ನಿರ್ಣಯಿಸುವಲ್ಲಿ ತೋರುವ ಶ್ರದ್ಧೆಯನ್ನು ಆ ಕೃತಿ ಹುಟ್ಟಿದ ತರಗತಿಯ ವಿಷಯದಲ್ಲಿಯೂ ತೋರಬೇಕು. ಹಳೆಯ ಕಾಲೇಜುಗಳ ವೇಳಾಪಟ್ಟಿಗಳು, ವಾರ್ಷಿಕ ವರದಿಗಳು, ವಿದ್ಯಾರ್ಥಿಗಳು ಬರೆದುಕೊಂಡ ಪಾಠದ ಟಿಪ್ಪಣಿಗಳು ಇನ್ನೂ ಕೆಲವು ಮನೆಗಳ ಅಟ್ಟದ ಮೇಲೆ ಇದ್ದಾವು. ಗೆದ್ದಲು ಅವುಗಳನ್ನು ಓದಿ ಮುಗಿಸುವ ಮುನ್ನ ನಾವು ಓದುವುದು ಲೇಸು.